ಅಟ್ಟದ ಏಣಿಯ ಮೂರನೇ ಮೆಟ್ಟಿಲು

ತಿಪಟೂರು
14-3-1983

ದಬ್ಬೇಘಟ್ಟದ ಶ್ರೀ ಕೆಂಚಪ್ಪನವರಿಗೆ,

ಇಲ್ಲಿ ಒಂದು ಮೊಣಕಾಲು ಹೊರತು ಉಳಿದವರೆಲ್ಲ ಕ್ಷೇಮ. ಅಲ್ಲಿಯೂ ಎಲ್ಲರೂ ಚೆನ್ನಾಗಿರಬಹುದು.

ನಿಮ್ಮ ಮನೆಯ ಅಟ್ಟದ ಏಣಿಯಿಂದ ನಾನು ಬಿದ್ದು ಇವತ್ತಿಗೆ ಐವತ್ಮೂರು ದಿನ. ಈ ಐವತ್ಮೂರು ದಿನದಲ್ಲಿ ಕಾಲಿಗೆ ಆದ ಉಪಚಾರ ಇಷ್ಟು: ಹರಳೆಣ್ಣೆ, ಬಿದಿರು ಕಡ್ಡಿಯ ಕಟ್ಟು, ಶೆಟ್ಟಿಕೆರೆಯ ಒಬ್ಬರು ಅರೆದು ಕೊಟ್ಟ ಸೊಪ್ಪು, ನೋಡಲು ಬಂದವರ ಸಲಹೆ. ಊತ ಇಳಿಯಿತು. ನೇರ ನಡೆದರೆ ಕಾಲು ನಡೆಯುತ್ತದೆ. ತಿರುಗಿದರೆ ಮೊಣಕಾಲು ಒಂದು ಕಡೆ, ನಾನು ಒಂದು ಕಡೆ. ಮೊನ್ನೆ ಕೊಬ್ಬರಿ ಮಂಡಿಯಲ್ಲಿ ಯಾರೋ ಹಿಂದಿನಿಂದ ಕರೆದರು, ತಿರುಗಿದೆ, ಮೂಟೆಯ ಮೇಲೆ ಕೂತೆ. ಕೂರುವ ಉದ್ದೇಶ ಇರಲಿಲ್ಲ.

ಬೆಂಗಳೂರಿನ ಮೂಳೆ ಡಾಕ್ಟರು ನೋಡಿದರು. ಮೊಣಕಾಲಿನೊಳಗೆ ಎರಡು ಮೂಳೆಯನ್ನು ಹಿಡಿದಿಡುವ ನಾರು ಕಿತ್ತಿದೆಯಂತೆ. ಎಣ್ಣೆಗೆ ಕೂಡುವ ವಸ್ತು ಅದಲ್ಲ, ಆಪರೇಷನ್ನೇ ಆಗಬೇಕು ಎಂದರು. ಏಪ್ರಿಲ್ ಹನ್ನೆರಡಕ್ಕೆ ದಿನ ಗೊತ್ತಾಗಿದೆ.

ನನ್ನ ಕಸುಬು ನಿಮಗೆ ಗೊತ್ತು. ಹದಿನೆಂಟನೇ ವಯಸ್ಸಿಗೆ ಕೂಲಿಗೆ ಕಾಯಿ ಸುಲಿಯುತ್ತಿದ್ದವನು, ಇವತ್ತು ಮೂರು ತಾಲ್ಲೂಕಿನವರು ನನ್ನ ಕಿವಿ ನಂಬಿ ಅಟ್ಟದ ಬಾಗಿಲು ತೆಗೆಯುತ್ತಾರೆ. ಹನ್ನೊಂದು ತಿಂಗಳು ಅಟ್ಟದಲ್ಲಿ ಒಣಗಿದ ಕಾಯಿಯನ್ನು ಅಲ್ಲಾಡಿಸಿ ಕೇಳಿದರೆ, ಒಳಗಿನ ಉಂಡೆ ಕೊಬ್ಬರಿ ಕರಟ ಬಿಟ್ಟಿದೆಯೋ ಇಲ್ಲವೋ ಹೇಳಬಲ್ಲೆ. ಅಟ್ಟ ಹತ್ತಲಾಗದ ವ್ಯಾಪಾರಿ ಕೆಳಗೆ ನಿಂತು, ಮೇಲಿನವರು ಆರಿಸಿ ಎಸೆದದ್ದನ್ನೇ ಹಿಡಿಯಬೇಕು.

ನೀವು ತೋಟದಿಂದ ಬರುವವರೆಗೆ ಕಾಯದೆ ಏಣಿ ಹತ್ತಿದೆ, ನಿಜ. ಹದಿನಾರು ವರ್ಷದಿಂದ ಹಾಗೇ ಹತ್ತಿದ್ದೇನೆ. ಆದರೆ ಮೂರನೇ ಮೆಟ್ಟಿಲನ್ನು ಹುಳು ತಿಂದಿದೆ ಎಂದು ಯಾರೂ ನನಗೆ ಹೇಳಲಿಲ್ಲ. ದೂರು ಎಂದು ತಿಳಿಯಬೇಡಿ. ಇದ್ದದ್ದನ್ನು ಬರೆದೆ.

ಇಂತಿ,
ತೋಂಟದಾರ್ಯ


ದಬ್ಬೇಘಟ್ಟ
22-3-1983

ತೋಂಟ,

ಕಾಗದ ಬಂತು. ಶ್ರೀ, ಅವರು, ನೀವು ಎಲ್ಲ ಸೇರಿಸಿ ಬರೆದಿದ್ದೀಯ. ಇರಲಿ, ಬಿದ್ದವನು ನೀನು.

ತಪ್ಪು ನನ್ನದು. ಹೋದ ಮಳೆಗಾಲದಿಂದ ಆ ಮೆಟ್ಟಿಲು ಹಾಗಿದೆ. ನಾವು ಎರಡನೆಯದರಿಂದ ನಾಲ್ಕನೆಯದಕ್ಕೆ ಕಾಲು ಹಾಕಿ ಹತ್ತುತ್ತೇವೆ. ಹತ್ತಿ ಹತ್ತಿ, ಅಲ್ಲಿ ಮೂರನೆಯದು ಒಂದಿದೆ ಎನ್ನುವುದೇ ಮರೆತಿತ್ತು. ಬಡಗಿಗೆ ಹೇಳಬೇಕು ಎಂದುಕೊಂಡದ್ದು ಎಷ್ಟು ಸಲವೋ.

ನಾನು ತೋಟದಲ್ಲಿದ್ದೆ, ಪುಟ್ಟಗಂಗಮ್ಮ ಅಡುಗೆಮನೆಯಲ್ಲಿದ್ದಳು. ನಿನ್ನ ಕಾಗದ ಓದಿದ ಮೇಲೆ ಅವಳನ್ನು ಕೇಳಿದೆ. "ಹತ್ತೋನ್ನ ನೋಡ್ಕಂಡು ಒಂದು ಮಾತು ಹೇಳಕ್ಕಾಗ್ಲಿಲ್ವೇನೇ?" ಅಂದೆ. "ಕೂಗಿ ಹೇಳ್ದೆ ಕಣ್ರೀ, ಮೂರನೇದು ತುಳೀಬೇಡಿ ಅಂತ" ಅಂದಳು. ಯಾರೂ ಹೇಳಲಿಲ್ಲ ಅಂತ ನೀನೇ ಬರೆದಿದ್ದೀಯಲ್ಲ, ಕಾಗದ ತೋರಿಸಿದೆ. "ತಪ್ಪು ಮಾಡಿದ್ರೆ ಒಪ್ಕೋ, ಸುಳ್ಳ್ಯಾಕೆ?" ಅಂದೆ. ಅವಳು ಚೊಂಬು ತಗೊಂಡು ಹಾಲು ಕರೆಯಲು ಹೋದಳು.

ಆಪರೇಷನ್ನಿಗೆ ನಾನೂ ಬರಲಾ? ಬರೆ.

ಕೆಂಚಪ್ಪ


ಬೆಂಗಳೂರು, ಆಸ್ಪತ್ರೆ
21-4-1983

ಕೆಂಚಪ್ಪನಿಗೆ,

ನೀನು ಬರುವುದು ಬೇಡ ಎಂದು ಬರೆಯಬೇಕೆಂದಿದ್ದೆ. ಬರೆಯುವುದರೊಳಗೆ ದಿನ ಬಂತು. ಸುವರ್ಣಮ್ಮ ಜೊತೆಗಿದ್ದಾಳೆ. ಅಕ್ಕಪಕ್ಕದ ಮಂಚದವರಿಗೆಲ್ಲ ಅವಳ ಉಪ್ಪಿನಕಾಯಿ ಪರಿಚಯವಾಗಿದೆ.

ಆಪರೇಷನ್ ಆಯಿತು. ಬೆನ್ನಿಗೊಂದು ಸೂಜಿ ಹಾಕಿದರು. ಸೊಂಟದ ಕೆಳಗಿನ ಆಸ್ತಿ ನನ್ನ ಸ್ವಾಧೀನದಲ್ಲಿ ಇರಲಿಲ್ಲ. ಕಿವಿ ಮಾತ್ರ ಕೆಲಸ ಮಾಡುತ್ತಿತ್ತು. ಬೈರಿಗೆ ಹಾಕುವ ಸದ್ದು ಕೇಳಿ, ಹೊರಗೆ ಬಡಗಿ ಕೆಲಸ ನಡೆದಿರಬೇಕು ಎಂದುಕೊಂಡೆ. ನನ್ನ ಮೂಳೆಗೇ ತೂತು ಕೊರೆಯುತ್ತಿದ್ದರಂತೆ. ಮಂಡಿಚಿಪ್ಪಿನ ಕೆಳಗಿನ ದಪ್ಪ ನಾರಿನಿಂದ ಒಂದು ಸೀಳು ತೆಗೆದು, ಆ ತೂತಿನಲ್ಲಿ ಪೋಣಿಸಿ ಬಿಗಿದಿದ್ದಾರೆ. ಹೊರಗಿನ ಮಾಲು ಏನೂ ಇಲ್ಲ, ಎಲ್ಲ ನನ್ನದೇ. ಒಂದು ಮೂಟೆಯಿಂದ ತೆಗೆದು ಇನ್ನೊಂದಕ್ಕೆ ಹಾಕಿದ ಹಾಗೆ.

ತೊಡೆಯಿಂದ ಕಣಕಾಲಿನವರೆಗೆ ಪ್ಲಾಸ್ಟರು. ಆರು ವಾರ. ನಾರು ಮೂಳೆಗೆ ಕಚ್ಚಿ, ರಕ್ತ ಹರಿದು ಗಟ್ಟಿಯಾಗಲು ಹೆಚ್ಚುಕಡಿಮೆ ಒಂದು ವರ್ಷ. "ಏಣಿ ಹತ್ತಬಹುದಾ ಸಾರ್?" ಎಂದೆ. "ಆ ಪ್ರಶ್ನೆಯನ್ನು ಬರೋ ವರ್ಷ ಕೇಳಿ" ಎಂದರು.

ಫೆಬ್ರವರಿಯಲ್ಲಿ ನೀನು ಅಟ್ಟಕ್ಕೆ ಹೊಸ ಕಾಯಿ ಹಾಕಿದೆ ಎಂದು ಕೇಳಿದೆ. ಹಾಗಾದರೆ ಆ ಕಾಯಿಯೂ ಈ ಕಾಲೂ ಒಟ್ಟಿಗೇ ಹದಕ್ಕೆ ಬರುತ್ತವೆ.

ಪುಟ್ಟಗಂಗಮ್ಮನ ವಿಷಯ ಬರೆದಿದ್ದೀಯ. ಹೆಂಗಸರ ಮೇಲೆ ರೇಗಬಾರದು. ಆದದ್ದು ಆಯಿತು, ಬಿಟ್ಟುಬಿಡು.

ಪ್ಲಾಸ್ಟರಿನೊಳಗಿನ
ತೋಂಟದಾರ್ಯ


ದಬ್ಬೇಘಟ್ಟ
6-5-1983

ತೋಂಟ,

ನೀನು ಬಿಟ್ಟುಬಿಡು ಅಂದೆ. ಅವಳು ಬಿಡಲಿಲ್ಲ. ಅಮ್ಮಸಂದ್ರಕ್ಕೆ, ಅಣ್ಣ ವೀರಭದ್ರಯ್ಯನ ಮನೆಗೆ ಹೋಗಿದ್ದಾಳೆ. ಹತ್ತು ದಿನ ಅಂತ ಹೋದಳು, ಇವತ್ತಿಗೆ ಹತ್ತೊಂಬತ್ತು. ಜಗಳ ಆಡಿ ಹೋಗಿದ್ದರೆ ಕರೆತರುವುದು ಸುಲಭ. ಹಾಲು ಕರೆದು, ಹಿಟ್ಟು ಬೀಸಿಟ್ಟು, ಒಲೆ ಸಾರಿಸಿ ಹೋಗಿದ್ದಾಳೆ.

ಮುದ್ದೆ ಮಾಡುವುದು ಕಲಿತೆ. ಎಮ್ಮೆ ತಿನ್ನುತ್ತದೆ.

ಕಾಯಿ ಕೇಳಿಕೊಂಡು ಇಬ್ಬರು ಬಂದಿದ್ದರು. ಬರುವ ವರ್ಷಕ್ಕೆ ಈಗಲೇ ಮಾತಾಡೋಣ ಅಂದರು. ತೋಂಟ ಬಂದು ಅಲ್ಲಾಡಿಸುವವರೆಗೆ ಯಾರಿಗೂ ಇಲ್ಲ ಅಂದೆ.

ಕೆಂಚಪ್ಪ


ತಿಪಟೂರು
20-5-1983

ಕೆಂಚಪ್ಪನಿಗೆ,

ಇದನ್ನು ಓದಿ ನೀನು ನಗುತ್ತೀಯ. ನಕ್ಕು ಮುಗಿಸಿ ಮುಂದೆ ಓದು.

ನಾಲ್ಕನೇ ವಾರಕ್ಕೆ ಪ್ಲಾಸ್ಟರು ಸಡಿಲವಾಯಿತು. ಮೊದಲು ಬೆರಳು ತೂರುತ್ತಿರಲಿಲ್ಲ, ಆಮೇಲೆ ಸುವರ್ಣಮ್ಮನ ಲಟ್ಟಣಿಗೆ ತೂರಿತು. ಒಂದು ಬೆಳಿಗ್ಗೆ ಮಂಚದಲ್ಲಿ ಕೂತು ಕಾಲು ಅಲ್ಲಾಡಿಸಿದೆ. ಒಳಗೆ ಡುಗ್ ಡುಗ್ ಎಂದಿತು. ಇನ್ನೊಮ್ಮೆ ಅಲ್ಲಾಡಿಸಿದೆ. ಅದೇ ಸದ್ದು. ಮೂವತ್ತು ವರ್ಷದಿಂದ ಈ ಕಿವಿ ಆ ಸದ್ದಿಗೆ ಒಂದೇ ಅರ್ಥ ಹೇಳಿದೆ: ಒಳಗಿನದು ಕರಟ ಬಿಟ್ಟಿದೆ, ಹದವಾಗಿದೆ, ಇನ್ನು ತೆಗೆಯಬಹುದು.

"ಮಚ್ಚು ತಾರೇ" ಎಂದೆ.

"ಡಾಕ್ಟ್ರು ಆರು ವಾರ ಅಂದಿದಾರೆ ಕಣ್ರೀ."

"ಆರು ವಾರ ಅನ್ನೋದು ಎಲ್ಲರಿಗೂ ಹೇಳೋ ಲೆಕ್ಕ. ಇದು ಬೇಗ ಹದಕ್ಕೆ ಬಂದದೆ. ಕೇಳಿಲ್ಲಿ."

ಅವಳು ಕಿವಿಯಿಟ್ಟು ಕೇಳಿದಳು. "ಸದ್ದೇನೋ ಬತ್ತದೆ. ಆದ್ರೆ ಇದನ್ನ ಯಾರೂ ಅಟ್ಟದ ಮೇಲೆ ಇಟ್ಟಿರ್ಲಿಲ್ವಲ್ರೀ" ಎಂದಳು.

ಬಿಸಿನೀರು ಹುಯ್ದು ನೆನೆಸಿ, ನಾನೇ ಕೊಯ್ದೆ. ಕರಟ ಬಿಡಿಸುವ ಕೈ, ಚರ್ಮಕ್ಕೆ ಒಂದು ಗೀರೂ ಆಗಲಿಲ್ಲ. ಒಳಗಿಂದ ಬಂದ ಕಾಲನ್ನು ನೋಡಿದರೆ ನನ್ನದು ಎಂದು ಗುರುತು ಹಿಡಿಯಲು ಮಚ್ಚೆಯೊಂದೇ ಆಧಾರ. ತೊಡೆ ಅರ್ಧ ಹೋಗಿತ್ತು. ಎರಡು ದಿನ ಊರೆಲ್ಲ ನೋಡುವ ಹಾಗೆ ನಡೆದೆ. ಮೂರನೇ ದಿನ ಮೊಣಕಾಲು ಊದಿ ಗಡಿಗೆಯಾಯಿತು.

ಬೆಂಗಳೂರಿಗೆ ಹೋದೆವು. ಡಾಕ್ಟರು ಬೈಯಲಿಲ್ಲ, ಅದೇ ಕಷ್ಟವಾಯಿತು. "ಯಾಕೆ ತೆಗೆದಿರಿ?" ಎಂದರು. ಕಾಯಿಯ ವಿಚಾರ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. "ಒಳಗಿನದು ಬಿಟ್ಟುಕೊಂಡರೆ ನಿಮಗೆ ಲಾಭ. ಅಂಟಿಕೊಂಡರೆ ನನಗೆ ಲಾಭ. ಆ ಸದ್ದು ನಿಮ್ಮ ತೊಡೆ ಒಣಗಿದ್ದರದು" ಎಂದರು. ನಾರು ಪೂರ್ತಿ ಕಿತ್ತಿಲ್ಲವಂತೆ, ಸ್ವಲ್ಪ ಎಳೆದುಕೊಂಡಿದೆಯಂತೆ. ಮತ್ತೆ ಆರು ವಾರ ಪ್ಲಾಸ್ಟರು. ಏಣಿಯ ಬಗ್ಗೆ ಈ ಸಲ ನಾನು ಕೇಳಲಿಲ್ಲ.

ಕಿವಿಗೂ ಒಂದು ಪಟ್ಟಿ ಹಾಕಿಸಬೇಕಾಗಿದ್ದ
ತೋಂಟದಾರ್ಯ


ತಿಪಟೂರು
8-8-1983

ಕೆಂಚಪ್ಪನಿಗೆ,

ನಿನ್ನ ಕಾಗದವಿಲ್ಲ. ಕೆಲಸ ಜಾಸ್ತಿ ಇರಬೇಕು.

ಜುಲೈ ಮೊದಲ ವಾರ ಪ್ಲಾಸ್ಟರು ತೆಗೆದರು. ಅವರೇ ತೆಗೆದರು. ಕಾಲು ಹಲಗೆಯಾಗಿದೆ. ಇಷ್ಟು ದಿನ ಬಗ್ಗಿಸಬೇಡಿ ಎಂದವರು ಈಗ ಬಗ್ಗಿಸಿ ಬಗ್ಗಿಸಿ ಎನ್ನುತ್ತಾರೆ. ಪಡಸಾಲೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂತು, ಹಿಮ್ಮಡಿಯನ್ನು ನೆಲದ ಮೇಲೆ ಎಳೆದುಕೊಳ್ಳುತ್ತೇನೆ. ಎಲ್ಲಿಗೆ ನಿಂತಿತೋ ಅಲ್ಲಿಗೆ ಬಳಪದಲ್ಲಿ ಒಂದು ಗೆರೆ, ಪಕ್ಕದಲ್ಲಿ ತಾರೀಖು. ಒಳ್ಳೆಯ ಕಾಲು ಗೋಡೆಗೆ ಒಂದು ಗೇಣಿನವರೆಗೆ ಬರುತ್ತದೆ. ಇದು ಮೂರು ಗೇಣಿಗೆ ನಿಂತಿತ್ತು. ಒಂದು ತಿಂಗಳಲ್ಲಿ ಆರು ಬೆರಳು ಸಂಪಾದನೆ. ದಿನಕ್ಕೆ ಇಷ್ಟು ಕಡಿಮೆ ಮುಂದೆ ಹೋಗುವ ವ್ಯವಹಾರವನ್ನು ನಾನು ಈವರೆಗೆ ಮಾಡಿರಲಿಲ್ಲ. ಸುವರ್ಣಮ್ಮ ನೆಲ ಸಾರಿಸುವಾಗ ಗೆರೆಗಳನ್ನು ಬಿಟ್ಟು ಸಾರಿಸುತ್ತಾಳೆ.

ತೊಡೆಗೆ ಬಲ ಬರಲು ಕಣಕಾಲಿಗೆ ಒಂದು ಕಿಲೋ ಮರಳಿನ ಚೀಲ ಕಟ್ಟಿ ಎತ್ತಬೇಕಂತೆ. ಮರಳು ಯಾಕೆ? ಸುಲಿದ ಎರಡು ಕಾಯಿಯನ್ನು ಟವಲಿನಲ್ಲಿ ಕಟ್ಟಿದೆ, ತಕ್ಕಡಿಗೆ ಹಾಕಿ ನೋಡಿದೆ, ಸರಿಯಾಗಿ ಒಂದು ಕಿಲೋ. ಮೊದಲ ದಿನ ಹತ್ತು ಸಲ ಎತ್ತಲು ಬೆವರು ಬಂತು. ಈಗ ಅದೇ ಕಾಯಿ ಅರವತ್ತು ಸಲ, ಹೂವಿನ ಹಾಗೆ.

ಸುವರ್ಣಮ್ಮ ಪುಟ್ಟಗಂಗಮ್ಮನನ್ನು ಕೇಳಿದಳೆಂದು ತಿಳಿಸು.

ತೋಂಟದಾರ್ಯ


ದಬ್ಬೇಘಟ್ಟ
20-8-1983

ತೋಂಟ,

ಕೊಬ್ಬರಿ ವ್ಯಾಪಾರ ಮಾಡಿ ಕೂದಲು ಬೆಳ್ಳಗಾದವನೇ, ಸುಲಿದ ಕಾಯಿ ಒಣಗುವುದಿಲ್ಲವೇನೋ? ಒಂದು ತಿಂಗಳ ಹಿಂದೆ ಕಿಲೋ ತೂಗಿದ್ದು ಈಗ ಎಷ್ಟಿದೆ ಅಂತ ತಕ್ಕಡಿಗೆ ಹಾಕು. ನಿನ್ನ ಕಾಲು ಎಷ್ಟು ಬಲಿಯಿತೋ, ಕಾಯಿ ಎಷ್ಟು ಹಗುರಾಯಿತೋ, ಲೆಕ್ಕ ತೆಗೆ. ತಿಂಗಳಾದ ಮೇಲೆ ಇವತ್ತೇ ನಾನು ನಕ್ಕಿದ್ದು.

ಪುಟ್ಟಗಂಗಮ್ಮನನ್ನು ಕೇಳಿದಳು ಅಂತ ಹೇಳಲು ಅವಳು ಇಲ್ಲಿಲ್ಲ. ಮೊನ್ನೆ ಅಮ್ಮಸಂದ್ರಕ್ಕೆ ಹೋಗಿದ್ದೆ. ವೀರಭದ್ರಯ್ಯ ಸಿಮೆಂಟು ಫ್ಯಾಕ್ಟರಿಯಿಂದ ಬರುವವರೆಗೆ ಜಗಲಿಯಲ್ಲೇ ಕೂತಿದ್ದೆ. ಇವಳು ನೀರು ಕೊಟ್ಟಳು, ಊಟಕ್ಕಿಟ್ಟಳು. "ಬಾ ಹೋಗವಾ" ಅಂದೆ. "ಇಪ್ಪತ್ತಾರು ವರ್ಷ ಸಂಸಾರ ಮಾಡ್ದೆ. ನನ್ನ ಬಾಯಿ ಮಾತಿಗಿಂತ ತಿಪಟೂರಿಂದ ಬಂದ ಕಾಗದ ಹೆಚ್ಚಾಯ್ತು ನಿಮ್ಗೆ. ನಾನು ಕೂಗಿದ್ದು ಕೇಳಿಸ್ತೋ ಇಲ್ವೋ ಅಂತ ಆವಯ್ಯನ್ನೇ ಕೇಳಿ. ಕೇಳಿಸ್ಲಿಲ್ಲ ಅಂದ್ರೆ, ನಾನು ಮೆಲ್ಲಗೆ ಕೂಗ್ದೆ ಅಂತ ಒಪ್ಕಂಡು ಬತ್ತೀನಿ" ಅಂದಳು.

ಅದಕ್ಕೆ ಕೇಳುತ್ತಿದ್ದೇನೆ. ಕೂಗಿದಳೇ? ಹೌದು ಅಥವಾ ಇಲ್ಲ, ಒಂದು ಗೆರೆ ಬರೆ. ಏನು ಬರೆದರೂ ನಿನ್ನ ಮೇಲೆ ಬೇಜಾರಿಲ್ಲ.

ಕೆಂಚಪ್ಪ


ತಿಪಟೂರು
2-10-1983

ಕೆಂಚಪ್ಪನಿಗೆ,

ತೂಗಿದೆ. ಏಳುನೂರ ಐವತ್ತು ಗ್ರಾಂ. ನನಗೆ ಯಾರೂ ಇಷ್ಟು ನೀಟಾಗಿ ಮೋಸ ಮಾಡಿರಲಿಲ್ಲ. ಈಗ ತಕ್ಕಡಿಯ ಕಬ್ಬಿಣದ ಬಟ್ಟನ್ನೇ ಕಟ್ಟುತ್ತೇನೆ.

ಹಿಮ್ಮಡಿ ಎರಡು ಗೇಣಿಗೆ ಬಂದಿದೆ. ಬಾಡಿಗೆ ಸೈಕಲ್ಲಿನಲ್ಲಿ ಒಂದು ಪೂರ್ತಿ ಸುತ್ತು ಪೆಡಲು ತುಳಿದೆ. ಮಂಡಿಯ ಹತ್ತಿರ ಚಹಾ ಅಂಗಡಿಯವರು ಎದ್ದು ನಿಂತು ನೋಡಿದರು. ತಿರುಗಿದರೆ ಈಗ ಮೊಣಕಾಲು ಜಾರುವುದಿಲ್ಲ. ಸೌದೆ ಒಲೆ ಮುಂದೆ ಕುಕ್ಕರಗಾಲಿನಲ್ಲಿ ಕೂರಲು ಆಗುವುದಿಲ್ಲ. ಶಿವಪೂಜೆಗೆ ಮಣೆಯ ಬದಲು ಸ್ಟೂಲು.

ನೀನು ಕೇಳಿದ ವಿಷಯ. ಆ ದಿನ ಸದ್ದು ಬಹಳ ಇತ್ತು.

ತೋಂಟದಾರ್ಯ


(ಪೋಸ್ಟ್ ಕಾರ್ಡು)
ದಬ್ಬೇಘಟ್ಟ
11-10-1983

ಏನು ಸದ್ದು? ಆ ಹೊತ್ತಿನಲ್ಲಿ ಮನೆಯಲ್ಲಿದ್ದದ್ದು ನೀನು, ಅವಳು, ಕಟ್ಟಿಹಾಕಿದ ಎಮ್ಮೆ.

ಕೆಂಚಪ್ಪ


ತಿಪಟೂರು
15-1-1984

ಅಮ್ಮಸಂದ್ರದ ವೀರಭದ್ರಯ್ಯನವರ ಮನೆಯಲ್ಲಿರುವ ತಂಗಿ ಪುಟ್ಟಗಂಗಮ್ಮನಿಗೆ,

ಈ ಕಾಗದ ನಿನಗೆ. ಓದಿದ ಮೇಲೆ ಕೆಂಚಪ್ಪನಿಗೆ ಕೊಡಬೇಕು. ಅವನಿಗೆ ಬೇರೆ ಬರೆಯುವುದಿಲ್ಲ. ಇಬ್ಬರಿಗೆ ಬೇರೆ ಬೇರೆ ಬರೆದರೆ ನನ್ನ ಕೈ ಎರಡು ರೀತಿ ಬರೆಯುತ್ತದೆ, ಅದರ ಅಭ್ಯಾಸ ಅದಕ್ಕೆ ಇದೆ.

ಹೋದ ವಾರ ಬೆಂಗಳೂರಿಗೆ ಹೋಗಿದ್ದೆ. ಡಾಕ್ಟರು ಕಾಲನ್ನು ಎಳೆದು, ತಿರುಗಿಸಿ, ತೊಡೆಗೆ ಟೇಪು ಹಿಡಿದು ನೋಡಿದರು. ಒಂದು ಗೇಣು ನಾಲ್ಕು ಬೆರಳಿಗೆ ಹಿಮ್ಮಡಿ ನಿಂತಿದೆ, ಆ ನಾಲ್ಕು ಬೆರಳು ಇನ್ನು ಬರುವುದಿಲ್ಲವಂತೆ. ಏಣಿ ಹತ್ತಬಹುದು, ನಿಧಾನ, ಎಂದರು. ನಾನು ಕೇಳದೆಯೇ ಹೇಳಿದರು.

ಬಂದ ಮರುದಿನ ನಮ್ಮ ಮನೆಯ ಅಟ್ಟಕ್ಕೆ ಏಣಿ ಹಾಕಿದೆ. ಒಂದು ಮೆಟ್ಟಿಲು, ಎರಡು ಮೆಟ್ಟಿಲು, ಕಾಲು ಏನೂ ತಕರಾರು ಮಾಡಲಿಲ್ಲ. ಸುವರ್ಣಮ್ಮ ಅಡುಗೆಮನೆಯಲ್ಲಿ ರುಬ್ಬುತ್ತಿದ್ದಳು. ಗುಂಡುಕಲ್ಲಿನ ಸದ್ದು, ಬೀದಿಯಲ್ಲಿ ಲಾರಿ, ಹಿತ್ತಲಲ್ಲಿ ಕಾಯಿ ಸುಲಿಯುವವರು. ಅಷ್ಟರ ನಡುವೆ ಒಳಗಿಂದಲೇ ಕೂಗಿದಳು, "ರೀ, ಮೇಲ್ಗಡೆ ಹಲಗೆ ಅಲ್ಲಾಡ್ತದೆ, ಎಡಗಡೆ ಕಾಲಿಡಬೇಡಿ." ಒಂದೊಂದು ಅಕ್ಷರವೂ ಕೇಳಿಸಿತು. ಕಾಲು ಅಲ್ಲೇ ನಿಂತಿತು. ಕೆಳಗಿಳಿದು ಬಂದು ಕೂತೆ. ಕಾಲು ನೋಯುತ್ತಿದೆಯೇ ಎಂದು ಕೇಳಿದಳು. ಇಲ್ಲ ಎಂದೆ.

ನಿಮ್ಮ ಮನೆಯಲ್ಲೂ ನನಗೆ ಕೇಳಿಸಿತ್ತು, ತಂಗಿ. "ತೋಂಟಣ್ಣಾ, ಮೂರನೇದು ತುಳೀಬೇಡಿ, ಅವ್ರು ಬರ್ಲಿ ತಡೀರಿ" ಎಂದೆ ನೀನು. ಮೆಲ್ಲಗೆ ಕೂಗಲಿಲ್ಲ. ಎಷ್ಟು ಗಟ್ಟಿಯಾಗಿ ಬೇಕೋ ಅಷ್ಟು ಗಟ್ಟಿಯಾಗಿಯೇ ಕೂಗಿದೆ.

ಕೇಳಿಸಿಯೂ ಯಾಕೆ ಹತ್ತಿದೆ ಎಂದರೆ, ನಾನು ನಂಬಲಿಲ್ಲ. ಅಟ್ಟದಲ್ಲಿ ಮುಂದಿನ ಸಾಲಿಗೆ ಒಳ್ಳೆಯ ಕಾಯಿ, ಗೋಡೆಯ ತೇವ ತಾಗುವ ಹಿಂದಿನ ಸಾಲಿಗೆ ಉಳಿದದ್ದು, ಇದು ಎಲ್ಲ ಮನೆಯ ಪದ್ಧತಿ. ಮನೆಯವರು ಎದುರಿಗಿದ್ದರೆ ಹಿಂದಿನ ಸಾಲಿಗೆ ಕೈ ಹಾಕಲು ಬಿಡುವುದಿಲ್ಲ. ಅದಕ್ಕೇ ಹದಿನಾರು ವರ್ಷದಿಂದ ಕೆಂಚಪ್ಪ ಬರುವ ಮೊದಲೇ ಹತ್ತುತ್ತಿದ್ದೆ. ಅವನಿಗೆ ಇದು ಗೊತ್ತಿರಲಿಲ್ಲ, ಈಗ ಗೊತ್ತಾಗಲಿ. ನೀನು ತಡೀರಿ ಎಂದಾಗ, ಹಿಂದಿನ ಸಾಲು ಕಾಯಲು ಹೀಗೆ ಹೇಳುತ್ತಿದ್ದಾಳೆ, ಮೆಟ್ಟಿಲು ಒಂದು ನೆಪ ಎಂದುಕೊಂಡೆ. ಅಷ್ಟು ಒಳ್ಳೆಯ ನೆಪ ಹೂಡಿದ್ದಕ್ಕೆ ಮನಸ್ಸಿನಲ್ಲೇ ನಿನ್ನನ್ನು ಮೆಚ್ಚಿ, ಸರಿಯಾಗಿ ಮೂರನೆಯದನ್ನೇ ತುಳಿದೆ. ವ್ಯಾಪಾರದಲ್ಲಿ ಎದುರಿನವರು ಬೇಡ ಎಂದದ್ದನ್ನೇ ಮೊದಲು ನೋಡಬೇಕು ಎಂದು ನನಗೆ ನಾನೇ ಕಲಿಸಿಕೊಂಡ ಪಾಠ.

ಬಿದ್ದ ಮೇಲೆ ಎಲ್ಲರೂ ಬಂದು ಅಯ್ಯೋ ಎಂದರು. ಹೇಳಿದ ಮಾತು ಕೇಳದೆ ಬಿದ್ದವನಿಗೆ ಯಾರೂ ಅಯ್ಯೋ ಎನ್ನುವುದಿಲ್ಲ. ಅದಕ್ಕೆ ಯಾರೂ ಹೇಳಲಿಲ್ಲ ಎಂದು ಬರೆದೆ. ಒಂದು ಗೆರೆ. ನೀನು ಅಮ್ಮಸಂದ್ರಕ್ಕೆ ಹೋದೆ ಎಂದು ತಿಳಿದ ಮೇಲೂ ಎಂಟು ತಿಂಗಳು ಆ ಗೆರೆಯನ್ನು ಹಾಗೇ ಬಿಟ್ಟೆ. ಕಾಲು ಗಳಿಸಿದ ಒಂದೊಂದು ಬೆರಳಿನ ಲೆಕ್ಕವನ್ನೂ ಅವನಿಗೆ ಬರೆದೆ, ಇದನ್ನು ಬರೆಯಲಿಲ್ಲ.

ಕೆಂಚಪ್ಪ ನನ್ನ ಮಾತು ನಂಬಿ ನಿನ್ನನ್ನು ಸುಳ್ಳಿ ಎಂದ. ಸುಳ್ಳು ಹೇಳಿದವನು ನಾನು. ಅವನ ಕಾಯಿಯನ್ನು ಯಾರಿಗೆ ಬೇಕಾದರೂ ಕೊಡಲಿ. ನಾನು ಬರಬೇಕೋ ಬೇಡವೋ ನೀನು ಹೇಳು.

ನಿನ್ನ ಕೂಗು ಕೇಳಿದ
ತೋಂಟದಾರ್ಯ


ದಬ್ಬೇಘಟ್ಟ
9-2-1984

ತೋಂಟಣ್ಣನಿಗೆ ಪುಟ್ಟಗಂಗಮ್ಮ ಮಾಡುವ ನಮಸ್ಕಾರ.

ನಾನು ನಾಲ್ಕನೇ ಕ್ಲಾಸಿನವರೆಗೆ ಓದಿದ್ದು. ಅಕ್ಷರ ತಪ್ಪಿದ್ದರೆ ಕೂಡಿಸಿಕೊಂಡು ಓದಿ.

ಇವರನ್ನು ಅಮ್ಮಸಂದ್ರಕ್ಕೆ ಕರೆಸಿ ನಿಮ್ಮ ಕಾಗದವನ್ನು ಕೊಟ್ಟೆ. ಮನಸ್ಸಿನಲ್ಲೇ ಓದಿಕೊಳ್ಳಲು ಹೊರಟರು. ಗಟ್ಟಿಯಾಗಿ ಓದಿ ಅಂದೆ. ಅಣ್ಣ, ಅತ್ತಿಗೆ ಎಲ್ಲರೂ ಇದ್ದರು. ಓದಿದರು. ಆಮೇಲೆ ನನ್ನ ಟ್ರಂಕು ಇವರೇ ಹೊತ್ತುಕೊಂಡು ಬಸ್ಸಿನವರೆಗೆ ಬಂದರು. ಮನೆಗೆ ಬಂದು ಹನ್ನೆರಡು ದಿನ ಆಯಿತು. ಈಗ ಸಾರಿಗೆ ಉಪ್ಪು ಕೇಳುವಷ್ಟು ಮಾತು ಇದೆ. ಎಮ್ಮೆ ಮಾತ್ರ ಬಂದ ದಿನವೇ ಗುರುತು ಹಿಡಿಯಿತು.

ಏಣಿಗೆ ಹೊಸ ಮೆಟ್ಟಿಲು ಹಾಕಿಸಿದ್ದಾರೆ, ಹಲಸಿನ ಮರದ್ದು. ಆನೆ ಹತ್ತಿದರೂ ಮುರಿಯುವುದಿಲ್ಲ. ಆದರೂ ನಮ್ಮ ಕಾಲು ಅದನ್ನು ದಾಟಿಯೇ ಹತ್ತುತ್ತದೆ.

ಕಾಯಿ ಯಾರಿಗೂ ಕೊಟ್ಟಿಲ್ಲ. ಇವರಿಗೆ ನಿಮ್ಮ ಮೇಲೆ ಸಿಟ್ಟಿದೆ. ಇದ್ದರೂ ಕೇಳಲು ಬಂದವರನ್ನೆಲ್ಲ ವಾಪಸು ಕಳಿಸುತ್ತಿದ್ದಾರೆ. ಹನ್ನೆರಡನೇ ತಿಂಗಳು ನಡೆಯುತ್ತಿದೆ, ಇನ್ನೂ ಬಿಟ್ಟರೆ ಕೆಡುತ್ತದೆ. ಸೋಮವಾರ ಬನ್ನಿ. ಸುವರ್ಣಕ್ಕನನ್ನೂ ಕರೆದುಕೊಂಡು ಬನ್ನಿ. ಕೂರಲು ಸ್ಟೂಲು ಪಕ್ಕದ ಮನೆಯಿಂದ ತಂದಿಟ್ಟಿದ್ದೇನೆ.

ನಿನ್ನೆ ಇವರು ತೋಟಕ್ಕೆ ಹೋದಾಗ ನಾನೇ ಅಟ್ಟ ಹತ್ತಿ, ಹಿಂದಿನ ಸಾಲನ್ನು ಒಂದೊಂದಾಗಿ ಅಲ್ಲಾಡಿಸಿ ನೋಡಿದೆ. ಗೋಡೆ ಪಕ್ಕದ ಹದಿನೇಳು ಕಾಯಿ ಕೆಟ್ಟಿವೆ. ಇವರಿಗೆ ಇನ್ನೂ ಹೇಳಿಲ್ಲ, ನೀವು ಹತ್ತುವ ಮೊದಲೇ ನಿಮಗೆ ಹೇಳುತ್ತಿದ್ದೇನೆ.

ಹೋದ ಸಲವೂ ಮೊದಲೇ ಹೇಳಿದ್ದೆ.

ಪುಟ್ಟಗಂಗಮ್ಮ